ಬೆಂಗಳೂರಿನಲ್ಲಿ ಮನೆ ಹುಡುಕುವ ಮುನ್ನ: ಒಂದು ಆರೋಗ್ಯವಿಚಾರ

ಮುಂಗಾರು ಆರಂಭವಾಗಿ ಶಾಲೆಗಳು ತೆರೆಯುವ ಹೊತ್ತಿಗೆ ಶ್ರೀಮಠಕ್ಕೆ ಬರುವ ಸದ್ಭಕ್ತರಲ್ಲಿ ಹಲವರು ಒಂದೇ ಬಗೆಯ ಪ್ರಶ್ನೆಯನ್ನು ನಮ್ಮ ಮುಂದಿಡುತ್ತಾರೆ. ‘ಮಗನಿಗೆ ಬೆಂಗಳೂರಿನಲ್ಲಿ ನೌಕರಿ ಸಿಕ್ಕಿದೆ. ನಮ್ಮನ್ನೂ ಕರೆದುಕೊಂಡು ಹೋಗುತ್ತೇನೆ ಅನ್ನುತ್ತಾನೆ. ಜಯನಗರವೋ, ಜೆ.ಪಿ. ನಗರವೋ, ಬನಶಂಕರಿಯೋ, ಬಿ.ಟಿ.ಎಂ. ಬಡಾವಣೆಯೋ, ಯಾವ ಕಡೆ ಮನೆ ಮಾಡಿದರೆ ಒಳ್ಳೆಯದು?’ ಕೇಳುವವರ ಮನಸ್ಸಿನಲ್ಲಿರುವುದು ಬಾಡಿಗೆ, ಮುಂಗಡ ಹಣ ಮತ್ತು ಕಚೇರಿಯ ದೂರ. ಆದರೆ ಹಾಗೆ ಹೋದ ಕುಟುಂಬಗಳನ್ನು ವರ್ಷ ಕಳೆದ ಮೇಲೆ ಕಂಡಾಗ ನಮಗೆ ತಿಳಿದುಬರುವ ಸಂಗತಿಯೇ ಬೇರೆ. ಮನೆಯ ಆಯ್ಕೆ ತಪ್ಪಿದಲ್ಲಿ ಮೊದಲು ಕೆಡುವುದು ಆರೋಗ್ಯ. ಅದರಲ್ಲಿಯೂ ಮನೆಯ ಹಿರಿಯರ ಆರೋಗ್ಯ. ಆದ್ದರಿಂದ ಈ ವಿಷಯವನ್ನು ಆರೋಗ್ಯ ವಿಭಾಗದಲ್ಲಿಯೇ ವಿಚಾರ ಮಾಡುವುದು ಉಚಿತವೆಂದು ಭಾವಿಸಿದ್ದೇವೆ.

ನಮಗೆ ಪರಿಚಿತರಾದ ಹಿರಿಯರೊಬ್ಬರ ಉದಾಹರಣೆಯಿಂದಲೇ ಆರಂಭಿಸೋಣ. ಅವರು ಹಾವೇರಿ ಜಿಲ್ಲೆಯ ಹಳ್ಳಿಯೊಂದರ ನಿವೃತ್ತ ಶಿಕ್ಷಕರು. ಸಕ್ಕರೆ ಕಾಯಿಲೆ ಇದ್ದರೂ ಹತೋಟಿಯಲ್ಲಿತ್ತು. ಬೆಳಗಿನ ಜಾವ ಎದ್ದು ಹೊಲದವರೆಗೆ ನಡೆದುಹೋಗಿ ಬರುವುದು, ಸ್ನಾನ, ಪೂಜೆ, ಬಿಸಿ ರೊಟ್ಟಿ, ಸಂಜೆ ಕಟ್ಟೆಯ ಮೇಲೆ ನಾಲ್ಕು ಜನರೊಡನೆ ಮಾತು; ಇದು ಅವರ ದಿನಚರಿ. ಮಗನು ಅತ್ಯಂತ ಪ್ರೀತಿಯಿಂದ ತಂದೆತಾಯಿಗಳನ್ನು ಬೆಂಗಳೂರಿಗೆ ಕರೆದೊಯ್ದನು. ಕಚೇರಿಗೆ ಸಮೀಪವೆಂಬ ಕಾರಣದಿಂದ ದೊಡ್ಡ ರಸ್ತೆಗೆ ಹೊಂದಿಕೊಂಡ ಕಟ್ಟಡದ ಮೂರನೆಯ ಮಹಡಿಯಲ್ಲಿ ಮನೆ ಹಿಡಿದಿದ್ದನು. ಲಿಫ್ಟ್ ಇರಲಿಲ್ಲ. ತಾಯಿಯವರಿಗೆ ಮೊಣಕಾಲು ನೋವು. ಇಳಿದರೆ ಹತ್ತಲಾಗದೆಂದು ಇಳಿಯುವುದನ್ನೇ ಬಿಟ್ಟರು. ತಂದೆಯವರು ವಾಹನಗಳ ಭಯದಿಂದ ರಸ್ತೆ ದಾಟುವುದನ್ನು ಬಿಟ್ಟರು. ಎಂಟು ತಿಂಗಳಲ್ಲಿ ತೂಕ ಏರಿತು, ಸಕ್ಕರೆಯ ಪ್ರಮಾಣ ಏರಿತು, ರಾತ್ರಿಯ ನಿದ್ರೆ ಹೋಯಿತು. ವೈದ್ಯರು ಮಾತ್ರೆಗಳನ್ನು ಬರೆಯುವ ಮೊದಲು, ‘ದಿನಕ್ಕೆ ಎಷ್ಟು ದೂರ ನಡೆಯುತ್ತೀರಿ?’ ಎಂದು ಕೇಳಿದರಂತೆ. ‘ಮಂಚದಿಂದ ಟಿ.ವಿ.ವರೆಗೆ’ ಎಂದು ಇವರು ಉತ್ತರಿಸಿದರಂತೆ.

ಈ ಉತ್ತರದಲ್ಲಿಯೇ ನಾವು ಹೇಳಬೇಕಾದುದೆಲ್ಲವೂ ಅಡಗಿದೆ. ಮನೆಯನ್ನು ಸಾಮಾನ್ಯವಾಗಿ ಬಾಡಿಗೆ ಕೊಡುವವರ ಅನುಕೂಲಕ್ಕೆ ತಕ್ಕಂತೆ ಆರಿಸುತ್ತೇವೆ. ಅವರಾದರೋ ಎಚ್ಚರವಿರುವ ಹೊತ್ತಿನ ಬಹುಭಾಗವನ್ನು ಹೊರಗೆ ಕಳೆಯುತ್ತಾರೆ. ಹಗಲಿರುಳು ಆ ಮನೆಯಲ್ಲಿ ಇರುವವರು ವೃದ್ಧರು, ಗೃಹಿಣಿಯರು, ಎಳೆಯ ಮಕ್ಕಳು. ಮನೆಯು ಹೊಂದಬೇಕಾದುದು ಮೊದಲು ಅವರ ದೇಹಕ್ಕೆ.

ಆರೋಗ್ಯಕ್ಕಾಗಿ ಹುಟ್ಟಿದ ಬಡಾವಣೆಗಳು

ಬೆಂಗಳೂರಿನ ದಕ್ಷಿಣ ಭಾಗದ ಇತಿಹಾಸವೇ ಈ ಮಾತಿಗೆ ಸಾಕ್ಷಿಯಾಗಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಮಾರಿ ಬಡಿಯಿತು. ಗಾಳಿ ಬೆಳಕುಗಳಿಲ್ಲದ ಇಕ್ಕಟ್ಟಾದ ಪೇಟೆಯ ಓಣಿಗಳಲ್ಲಿ ರೋಗವು ಬೇಗನೆ ಹರಡಿತು. ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ನೆಲೆಗೊಂಡುದು ಆ ಕಾಲದಲ್ಲಿಯೇ. ನೇರವಾದ ಅಗಲ ರಸ್ತೆಗಳು, ಮನೆಗಳ ನಡುವೆ ತೆರವು, ಸಾಲುಮರಗಳು, ಉದ್ಯಾನಗಳು ಇವೆಲ್ಲವನ್ನೂ ಅಂದು ಅಲಂಕಾರಕ್ಕೆಂದು ಮಾಡಲಿಲ್ಲ. ರೋಗ ತಡೆಯುವುದಕ್ಕೆ ಮಾಡಿದರು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಜಯನಗರಕ್ಕೆ ಅಡಿಗಲ್ಲು ಬಿದ್ದಾಗ ಅದೇ ಕ್ರಮ ಇನ್ನಷ್ಟು ವಿಸ್ತಾರವಾಗಿ ಮುಂದುವರಿಯಿತು. ಬನಶಂಕರಿ ಮತ್ತು ಜೆ.ಪಿ. ನಗರಗಳ ಹಳೆಯ ಭಾಗಗಳಲ್ಲಿಯೂ ಅದರ ಛಾಯೆಯನ್ನು ಕಾಣಬಹುದು.

ಆದರೆ ಬಡಾವಣೆಯ ಹೆಸರೊಂದನ್ನೇ ನಂಬಲಾಗದು. ಒಂದು ಕುಟುಂಬಕ್ಕೆಂದು ಕಟ್ಟಿದ ನಿವೇಶನಗಳಲ್ಲಿ ಇಂದು ನಾಲ್ಕಾರು ಮನೆಗಳ ಕಟ್ಟಡಗಳು ಎದ್ದಿವೆ. ಒಂದೇ ಬಡಾವಣೆಯ ಒಂದು ಅಡ್ಡರಸ್ತೆ ಹೊಂಗೆಯ ನೆರಳಿನಲ್ಲಿ ತಣ್ಣಗಿದ್ದರೆ, ಮುಂದಿನದು ಅಂಗಡಿ ಮತ್ತು ವಾಹನಗಳಿಂದ ತುಂಬಿರುತ್ತದೆ. ಆದ್ದರಿಂದ ಬಡಾವಣೆಯನ್ನು ನೋಡಿ ಹುಡುಕಲು ಆರಂಭಿಸಬೇಕು, ಬೀದಿಯನ್ನು ನೋಡಿ ನಿರ್ಧರಿಸಬೇಕು.

ನೋಡಬೇಕಾದ ಐದು ಸಂಗತಿಗಳು

ಮೊದಲನೆಯದು ನಡಿಗೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ವೇಗದ ದೈಹಿಕ ಶ್ರಮ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ತಿಳಿಸುತ್ತದೆ. ಅಂದರೆ ದಿನಕ್ಕೆ ಅರ್ಧ ಗಂಟೆಯಂತೆ ವಾರಕ್ಕೆ ಐದು ದಿನ ಬಿರುಸಾಗಿ ನಡೆದರೆ ಸಾಕು. ಹಳ್ಳಿಯಲ್ಲಿ ಇದು ಯಾರೂ ಹೇಳದೆ ನಡೆಯುತ್ತಿತ್ತು. ನಗರದಲ್ಲಿ ಇದಕ್ಕೆ ಸ್ಥಳ ಬೇಕು. ಮನೆಯಿಂದ ಐದು ಹತ್ತು ನಿಮಿಷಗಳಲ್ಲಿ, ದೊಡ್ಡ ರಸ್ತೆ ದಾಟದೆ ತಲುಪಬಹುದಾದ ಉದ್ಯಾನ ಅಥವಾ ಕೆರೆಯ ದಂಡೆ ಇದೆಯೇ ಎಂಬುದನ್ನು ನೋಡಬೇಕು. ‘ದೊಡ್ಡ ರಸ್ತೆ ದಾಟದೆ’ ಎಂಬ ಮಾತನ್ನು ಮರೆಯಬಾರದು. ಎಷ್ಟೇ ಸುಂದರವಾದ ಉದ್ಯಾನವಾದರೂ ನಡುವೆ ವಾಹನಗಳ ಪ್ರವಾಹವಿದ್ದರೆ ಎಪ್ಪತ್ತರ ಹಿರಿಯರಿಗೆ ಅದು ಇದ್ದೂ ಇಲ್ಲದಂತೆಯೇ. ಚರಂಡಿಯ ಮೇಲಿನ ಕಲ್ಲುಚಪ್ಪಡಿಗಳು ಅಲುಗಾಡುತ್ತವೆಯೇ, ರಾತ್ರಿ ಬೀದಿದೀಪ ಉರಿಯುತ್ತದೆಯೇ ಎಂಬುದನ್ನೂ ಗಮನಿಸಬೇಕು. ಮುಪ್ಪಿನಲ್ಲಿ ಒಮ್ಮೆ ಬಿದ್ದು ಸೊಂಟದ ಮೂಳೆ ಮುರಿದರೆ ಮತ್ತೆ ಮೊದಲಿನಂತೆ ಓಡಾಡುವುದು ಬಹಳ ಕಷ್ಟ.

ಎರಡನೆಯದು ನೀರು. ಬೆಂಗಳೂರಿಗೆ ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿಯಿಂದ, ಪಂಪುಗಳ ಬಲದಿಂದ ಮೇಲೇರಿ ಬರುತ್ತದೆ. 2024ರ ಬೇಸಗೆಯಲ್ಲಿ ಕೊಳವೆ ಬಾವಿಗಳು ಬತ್ತಿ ಅನೇಕ ಕುಟುಂಬಗಳು ಟ್ಯಾಂಕರ್ ನೀರಿಗಾಗಿ ಕಾಯಬೇಕಾಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ, ನಗರಕ್ಕೆ ಹೊಸದಾಗಿ ಸೇರಿದ 110 ಹಳ್ಳಿಗಳಿಗಾಗಿ ಕಾವೇರಿ ಐದನೆಯ ಹಂತದ ಯೋಜನೆ ಉದ್ಘಾಟನೆಯಾಯಿತು. ಹೀಗಿದ್ದರೂ ಪ್ರತಿ ಮನೆಯ ಸ್ಥಿತಿ ಬೇರೆ ಬೇರೆಯಾಗಿರುವುದರಿಂದ ಮಾಲೀಕರನ್ನು ನೇರವಾಗಿ ಕೇಳಬೇಕು: ಕಾವೇರಿ ಸಂಪರ್ಕವಿದೆಯೇ? ವಾರದಲ್ಲಿ ಎಷ್ಟು ದಿನ ಬರುತ್ತದೆ? ಸಂಪಿನಲ್ಲಿ ಕೊಳವೆ ಬಾವಿಯ ನೀರನ್ನು ಬೆರೆಸುತ್ತಾರೆಯೇ? ಸಂಪು ತೊಳೆದು ಎಷ್ಟು ಕಾಲವಾಯಿತು? ಕೊಳವೆ ಬಾವಿಯ ನೀರನ್ನು ಕುಡಿಯುವುದಾದರೆ ಪರೀಕ್ಷೆ ಮಾಡಿಸತಕ್ಕದ್ದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಕರಗಿದ ಲವಣಗಳು ಲೀಟರಿಗೆ 500 ಮಿಲಿಗ್ರಾಂ ಒಳಗೆ, ಗಡಸುತನ 200 ಮಿಲಿಗ್ರಾಂ ಒಳಗೆ, ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇರುವುದು ಅಪೇಕ್ಷಣೀಯ. ಫ್ಲೋರೈಡ್ ಹೆಚ್ಚಾದ ನೀರು ಹಲ್ಲುಗಳನ್ನೂ ಮೂಳೆಗಳನ್ನೂ ಹೇಗೆ ಕೆಡಿಸುತ್ತದೆಂಬುದನ್ನು ನಮ್ಮ ಬಯಲುಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನೀರಿನೊಡನೆ ಸೊಳ್ಳೆಯ ವಿಚಾರವೂ ಬರುತ್ತದೆ. ಡೆಂಗಿ ಹರಡುವ ಸೊಳ್ಳೆ ನಿಂತ ಶುದ್ಧ ನೀರಿನಲ್ಲಿ ಮೊಟ್ಟೆಯಿಟ್ಟು, ಒಂದು ವಾರದಿಂದ ಹತ್ತು ದಿನಗಳಲ್ಲಿ ಬೆಳೆದು, ಹಗಲಿನಲ್ಲಿ ಕಚ್ಚುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರವು ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತು. ಮನೆಯ ಪಕ್ಕದಲ್ಲಿ ಅರ್ಧಕ್ಕೆ ನಿಂತ ಕಟ್ಟಡ, ತೆರೆದ ಸಂಪು, ಹಳೆಯ ಟೈರುಗಳ ರಾಶಿ ಇದ್ದರೆ ಆ ಮನೆಯ ಬಗ್ಗೆ ಮತ್ತೊಮ್ಮೆ ಯೋಚಿಸುವುದು ಒಳಿತು.

ಮೂರನೆಯದು ನಿದ್ರೆ ಮತ್ತು ಉಸಿರು. ವಸತಿ ಪ್ರದೇಶದಲ್ಲಿ ಶಬ್ದವು ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿಯಲ್ಲಿ 45 ಡೆಸಿಬೆಲ್ ಮೀರಬಾರದೆಂದು 2000ನೆಯ ಇಸವಿಯ ನಿಯಮವಿದೆ. ದೊಡ್ಡ ರಸ್ತೆಯ ಅಂಚಿನ ಮನೆಗಳಲ್ಲಿ ಇದನ್ನು ನಿರೀಕ್ಷಿಸಲಾಗದು. ನಿದ್ರೆ ಕೆಟ್ಟರೆ ರಕ್ತದೊತ್ತಡ ಮತ್ತು ಸಕ್ಕರೆ ಎರಡೂ ಹತೋಟಿ ತಪ್ಪುತ್ತವೆ. ವಾಹನಗಳ ಹೊಗೆ ಮತ್ತು ರಸ್ತೆಯ ಧೂಳು ಉಬ್ಬಸದವರನ್ನು ಕಾಡುತ್ತವೆ. ಅದೇ ಮನೆ ರಸ್ತೆಯಿಂದ ಎರಡು ಮೂರು ಅಡ್ಡರಸ್ತೆ ಒಳಗಿದ್ದರೆ ಹೊಗೆ ಮತ್ತು ಗದ್ದಲಗಳು ಗಣನೀಯವಾಗಿ ತಗ್ಗುತ್ತವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ರಾಯಚೂರು, ಕಲಬುರಗಿ, ಬಾಗಲಕೋಟೆಗಳ ಬಿಸಿಲಿಗೆ ಒಗ್ಗಿದ ದೇಹಕ್ಕೆ ಇಲ್ಲಿನ ಮಾರ್ಗಶಿರ ಪುಷ್ಯ ಮಾಸಗಳ ಮುಂಜಾವಿನ ಚಳಿ ಹೊಸದು. ಅಂಥವರಿಗೆ ಬೆಳಗಿನ ಬಿಸಿಲು ಒಳಗೆ ಬರುವ ಒಂದು ಕೋಣೆ ಅಥವಾ ಪಡಸಾಲೆ ಅತ್ಯಗತ್ಯ. ಅಕ್ಕಪಕ್ಕದ ಗೋಡೆಗಳು ಕೈಗೆ ತಾಗುವಷ್ಟು ಹತ್ತಿರವಿರುವ ಮನೆಯಲ್ಲಿ ಬಿಸಿಲೂ ಬಾರದು, ಗಾಳಿಯೂ ಆಡದು, ಗೋಡೆಯ ತೇವವೂ ಆರದು.

ನಾಲ್ಕನೆಯದು ವೈದ್ಯರ ಸಾಮೀಪ್ಯ. ಈ ವಿಷಯದಲ್ಲಿ ದಕ್ಷಿಣ ಬೆಂಗಳೂರು ಭಾಗ್ಯಶಾಲಿ. ಹೃದ್ರೋಗಕ್ಕೆ ಜಯದೇವ, ಮೂಳೆ ಮತ್ತು ಅಪಘಾತಗಳಿಗೆ ಸಂಜಯಗಾಂಧಿ, ಕ್ಯಾನ್ಸರಿಗೆ ಕಿದ್ವಾಯಿ, ಮಕ್ಕಳಿಗೆ ಇಂದಿರಾಗಾಂಧಿ, ಮೆದುಳು ಮತ್ತು ಮನಸ್ಸಿನ ಕಾಯಿಲೆಗಳಿಗೆ ನಿಮ್ಹಾನ್ಸ್, ಹೀಗೆ ಸರ್ಕಾರದ ದೊಡ್ಡ ಸಂಸ್ಥೆಗಳು ಜಯನಗರದ ಪೂರ್ವದ ಅಂಚಿನಲ್ಲಿ ಒಂದಕ್ಕೊಂದು ಸಮೀಪವಾಗಿಯೇ ಇವೆ. ಜಯನಗರ ನಾಲ್ಕನೆಯ ‘ಟಿ’ ಬ್ಲಾಕಿನಲ್ಲಿ ಸಾರ್ವಜನಿಕ ಆಸ್ಪತ್ರೆಯೂ ಇದೆ. ಎದೆನೋವು ಬಂದ ಮೊದಲ ಒಂದು ಗಂಟೆ ಅತ್ಯಮೂಲ್ಯವಾದುದು. ಆಗ 108ಕ್ಕೆ ಕರೆಮಾಡಲು ಮನೆಯವರೆಲ್ಲರಿಗೂ ತಿಳಿದಿರಬೇಕು. ಆದರೆ ನಿತ್ಯದ ಬಾಳಿಗೆ ದೊಡ್ಡ ಆಸ್ಪತ್ರೆಗಿಂತಲೂ ಹತ್ತಿರದಲ್ಲಿ ಕನ್ನಡದಲ್ಲಿ ಮಾತನಾಡಿಸುವ ಒಬ್ಬ ಕುಟುಂಬವೈದ್ಯರು ಹೆಚ್ಚು ಅವಶ್ಯ. ತನ್ನ ನೋವನ್ನು ತನ್ನ ಮಾತಿನಲ್ಲಿ ಹೇಳಿಕೊಳ್ಳಲಾಗದ ರೋಗಿಗೆ ಅರ್ಧ ಚಿಕಿತ್ಸೆ ಮಾತ್ರ ದೊರೆಯುತ್ತದೆ.

ಐದನೆಯದು ಸಹವಾಸ. ಒಂಟಿತನವು ಮನಸ್ಸನ್ನಷ್ಟೇ ಅಲ್ಲದೆ ಹೃದಯವನ್ನೂ ನೆನಪಿನ ಶಕ್ತಿಯನ್ನೂ ಕುಗ್ಗಿಸುತ್ತದೆಂದು ವೈದ್ಯಶಾಸ್ತ್ರ ಇಂದು ಒಪ್ಪುತ್ತದೆ. ಕಟ್ಟೆಯ ಮೇಲೆ ಕುಳಿತು ಮಾತನಾಡಿದವರಿಗೆ ನಗರದಲ್ಲಿಯೂ ಒಂದು ಕಟ್ಟೆ ಬೇಕು. ಅದು ಉದ್ಯಾನದ ಕಲ್ಲುಬೆಂಚಾಗಬಹುದು, ಗ್ರಂಥಾಲಯವಾಗಬಹುದು, ದೇವಸ್ಥಾನದ ಜಗಲಿಯಾಗಬಹುದು, ಹಾಪ್‌ಕಾಮ್ಸ್ ಅಂಗಡಿಯ ಮುಂದಿನ ಎರಡು ಮಾತುಗಳೂ ಆಗಬಹುದು. ಮುಂಜಾನೆಯ ಲಿಂಗಪೂಜೆಗೆ ಗದ್ದಲವಿಲ್ಲದ ಒಂದು ಮೂಲೆ ಮನೆಯಲ್ಲಿರಲಿ. ಅರವತ್ತು ವರ್ಷಗಳ ದಿನಚರಿ ತಪ್ಪಿದಾಗ ಹಿರಿಯರ ಮನಸ್ಸು ಕುಸಿಯುವುದನ್ನು ನಾವು ಕಂಡಿದ್ದೇವೆ.

ನಾಲ್ಕು ಬಡಾವಣೆಗಳು

ಈ ಐದು ಅಳತೆಗಳಿಂದ ನಾಲ್ಕು ಕಡೆಗಳನ್ನೂ ನೋಡೋಣ.

ಜಯನಗರವು ಹಿರಿಯರಿಗೆ ಹೆಚ್ಚು ಒಪ್ಪುವ ಸ್ಥಳ. ಉದ್ಯಾನಗಳು, ಮರಗಳು, ಆಸ್ಪತ್ರೆಗಳು, ನಾಲ್ಕನೆಯ ಬ್ಲಾಕಿನ ಮಾರುಕಟ್ಟೆ, ಮೆಟ್ರೋ ಎಲ್ಲವೂ ಸಮೀಪ. ಉತ್ತರದ ಬ್ಲಾಕುಗಳಿಂದ ಲಾಲ್‌ಬಾಗಿಗೆ ಹೋಗಿಬರುವುದೂ ಸುಲಭ. ಇದಕ್ಕೆ ತಕ್ಕಂತೆ ಬಾಡಿಗೆಯೂ ಅಧಿಕ. ಮಾರುಕಟ್ಟೆಗೆ ತೀರ ಹೊಂದಿಕೊಂಡ ಬೀದಿಗಳಲ್ಲಿ ಸಂಜೆಯ ಗದ್ದಲ ತಪ್ಪದು. ಹಳೆಯ ಮನೆಗಳ ನೆಲಮಹಡಿ ಸಿಕ್ಕರೆ ಅದು ಚಿಕ್ಕದಾದರೂ ಮೊಣಕಾಲು ನೋವಿನವರಿಗೆ ವರವೆಂದೇ ತಿಳಿಯಬೇಕು.

ಬನಶಂಕರಿಗೆ ಆ ಹೆಸರು ಬಂದುದು ಕನಕಪುರ ರಸ್ತೆಯ ಬನಶಂಕರಿ ದೇವಸ್ಥಾನದಿಂದ. ಬಾದಾಮಿಯ ಬನಶಂಕರಿಯನ್ನು ಬಲ್ಲ ನಮ್ಮ ಉತ್ತರದ ಓದುಗರಿಗೆ ಹೆಸರೇ ಆಪ್ತವೆನಿಸುತ್ತದೆ. ಇಲ್ಲಿ ಹಂತದಿಂದ ಹಂತಕ್ಕೆ ವ್ಯತ್ಯಾಸ ಬಹಳ. ಮೊದಲ ಮತ್ತು ಎರಡನೆಯ ಹಂತಗಳು ಹಳೆಯವು. ಅಂಗಡಿ, ವೈದ್ಯರು, ನೆರೆಹೊರೆ ಎಲ್ಲವೂ ನೆಲೆಗೊಂಡಿವೆ. ಆರನೆಯ ಹಂತ ನಗರದ ಅಂಚಿನಲ್ಲಿದ್ದು, ತುರಹಳ್ಳಿ ಕಾಡಿನ ಸಮೀಪದ ಗಾಳಿ ಹಿತಕರ. ಆದರೆ ನೀರು, ಬಸ್ಸು ಮತ್ತು ವೈದ್ಯರ ವಿಚಾರವನ್ನು ಮನೆಮನೆಗೆ ವಿಚಾರಿಸಿಯೇ ಮುಂದುವರಿಯಬೇಕು. ಈ ಭಾಗದ ಅನೇಕ ಬೀದಿಗಳು ಏರುತಗ್ಗಿನವು. ತರುಣರಿಗೆ ಅದು ವ್ಯಾಯಾಮವಾದರೆ ಹೃದ್ರೋಗಿಗೆ ಆಯಾಸ. ಆದ್ದರಿಂದ ಮನೆಯಿಂದ ಹಾಲಿನ ಅಂಗಡಿಯವರೆಗೆ ಹಿರಿಯರನ್ನೇ ಒಮ್ಮೆ ನಡೆಸಿ ನೋಡುವುದು ಉತ್ತಮ.

ಲೋಕನಾಯಕ ಜಯಪ್ರಕಾಶ ನಾರಾಯಣರ ಹೆಸರಿನ ಜೆ.ಪಿ. ನಗರ ದಕ್ಷಿಣಕ್ಕೆ ಬಹುದೂರ ಚಾಚಿಕೊಂಡಿದೆ. ಆರಂಭದ ಹಂತಗಳು ಜಯನಗರದ ಮುಂದುವರಿಕೆಯಂತಿವೆ. ಏಳರಿಂದ ಮುಂದಿನ ಹಂತಗಳಲ್ಲಿ ಬಹುಮಹಡಿ ವಸತಿ ಸಮುಚ್ಚಯಗಳು ಹೆಚ್ಚು. ಅಲ್ಲಿ ಲಿಫ್ಟ್, ಕಾವಲು, ಆವರಣದೊಳಗೆ ನಡೆಯುವ ಹಾದಿ ಇವು ಹಿರಿಯರಿಗೆ ಅನುಕೂಲ. ನೀರಿಗೆ ಮಾತ್ರ ಟ್ಯಾಂಕರನ್ನು ಎಷ್ಟರಮಟ್ಟಿಗೆ ಅವಲಂಬಿಸಿದ್ದಾರೆಂದು ಕೇಳಲೇಬೇಕು. ಏಳನೆಯ ಹಂತದ ಪುಟ್ಟೇನಹಳ್ಳಿ ಕೆರೆಯನ್ನು ಸುತ್ತಲಿನ ನಿವಾಸಿಗಳೇ ಮುಂದೆ ನಿಂತು ಉಳಿಸಿಕೊಂಡಿದ್ದಾರೆ. ಅಂತಹ ನೆರೆಹೊರೆಯೂ ಒಂದು ಆರೋಗ್ಯಸಂಪತ್ತು.

ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಮೊದಲಕ್ಷರಗಳಿಂದ ಬಿ.ಟಿ.ಎಂ. ಎಂಬ ಹೆಸರಾಯಿತು. ಐ.ಟಿ. ಕಚೇರಿಗಳಿಗೆ ಹೋಗುವ ಒಂಟಿ ತರುಣ ತರುಣಿಯರಿಗೆ ಇದು ಬಹಳ ಅನುಕೂಲ, ಪಿ.ಜಿ.ಗಳೂ ಊಟದ ಮನೆಗಳೂ ಹೇರಳ. ನಾಡಿನ ಹೊರಗಿನಿಂದ ಬಂದ ತರುಣರೇ ಹೆಚ್ಚಾಗಿರುವ ಬೀದಿಗಳಲ್ಲಿ ಕನ್ನಡವೊಂದನ್ನೇ ಬಲ್ಲ ಹಿರಿಯರಿಗೆ ಮಾತಿನ ಜೊತೆ ಸಿಗುವುದು ಸುಲಭವಲ್ಲ. ಹೊರವರ್ತುಲ ರಸ್ತೆ ಮತ್ತು ಸಿಲ್ಕ್ ಬೋರ್ಡ್ ವೃತ್ತದ ಸಮೀಪ ಹೊಗೆ ಮತ್ತು ಶಬ್ದ ಅಧಿಕ. ಒಳಭಾಗದ ಶಾಂತವಾದ ಅಡ್ಡರಸ್ತೆಗಳೂ ಮಡಿವಾಳ ಕೆರೆಯ ಸಾಮೀಪ್ಯವೂ ಇಲ್ಲಿನ ಗುಣಗಳು. ಕೆರೆ ಮತ್ತು ರಾಜಕಾಲುವೆಗಳ ಪಕ್ಕದ ತಗ್ಗು ಪ್ರದೇಶದಲ್ಲಿ ನೆಲಮಹಡಿಯನ್ನು ಹಿಡಿಯುವ ಮುನ್ನ, ಹಿಂದಿನ ಮಳೆಗಾಲದಲ್ಲಿ ನೀರು ಎಲ್ಲಿಯವರೆಗೆ ಬಂದಿತ್ತೆಂದು ಎದುರುಮನೆಯವರನ್ನು ಕೇಳಬೇಕು. ಮಾಲೀಕರು ಮರೆತಿರಬಹುದು, ಎದುರುಮನೆಯವರು ಮರೆತಿರುವುದಿಲ್ಲ.

ದುಡಿಯುವವರ ದೇಹವೂ ದೇಹವೇ

ಹೀಗೆ ಹೇಳಿದಾಗ ಒಂದು ಆಕ್ಷೇಪ ಏಳುವುದು ಸಹಜ. ತಂದೆತಾಯಿಗಳ ಉದ್ಯಾನಕ್ಕಾಗಿ ಮಗ ಸೊಸೆಯರು ದಿನಕ್ಕೆ ಮೂರು ಗಂಟೆ ರಸ್ತೆಯಲ್ಲಿ ಕಳೆಯಬೇಕೇ? ಖಂಡಿತ ಬೇಡ. ದಿನವೂ ವಾಹನಗಳ ನಡುವೆ ಗಂಟೆಗಟ್ಟಲೆ ಕುಳಿತವರಿಗೆ ಬೆನ್ನುನೋವು, ರಕ್ತದೊತ್ತಡ, ಸಿಡುಕು ತಪ್ಪಿದ್ದಲ್ಲ. ಇದಕ್ಕೆ ಮಧ್ಯಮ ಮಾರ್ಗವೆಂದರೆ ಮೆಟ್ರೋ. ಹಸಿರು ಮಾರ್ಗವು 2017ರಲ್ಲಿ ಯಲಚೇನಹಳ್ಳಿಯವರೆಗೂ 2021ರಲ್ಲಿ ರೇಷ್ಮೆ ಸಂಸ್ಥೆಯವರೆಗೂ ಬಂದು ಜಯನಗರ, ಬನಶಂಕರಿ, ಜೆ.ಪಿ. ನಗರಗಳನ್ನು ಮುಟ್ಟಿತು. 2025ರ ಆಗಸ್ಟಿನಲ್ಲಿ ಆರಂಭವಾದ ಹಳದಿ ಮಾರ್ಗವು ಆರ್.ವಿ. ರಸ್ತೆಯಿಂದ ಬಿ.ಟಿ.ಎಂ. ಮತ್ತು ಎಲೆಕ್ಟ್ರಾನಿಕ್ ಸಿಟಿಯ ಮೂಲಕ ಬೊಮ್ಮಸಂದ್ರ ತಲುಪುತ್ತದೆ. ಎಲೆಕ್ಟ್ರಾನಿಕ್ ಸಿಟಿಯಲ್ಲಿ ದುಡಿಯುವವರೂ ಈಗ ಜಯನಗರದ ಅಂಚಿನಲ್ಲಿ ಮನೆ ಮಾಡಬಹುದಾಗಿದೆ. ನಿಲ್ದಾಣಕ್ಕೆ ಹದಿನೈದು ನಿಮಿಷ ನಡೆದು ಹೋಗಿ, ಸಂಜೆ ಹದಿನೈದು ನಿಮಿಷ ನಡೆದು ಬಂದರೆ ಅವರ ಅರ್ಧ ಗಂಟೆಯ ವ್ಯಾಯಾಮವೂ ಆದಂತಾಯಿತು.

ಮನೆ ನೋಡುವ ಕ್ರಮ

ಒಂದು ಮನೆಯನ್ನು ಒಮ್ಮೆ ನೋಡಿ ಒಪ್ಪಬಾರದು. ಮುಂಗಡ ಕೊಡುವ ಮೊದಲು ಈ ಕ್ರಮವನ್ನು ಅನುಸರಿಸಿ:

1. ಬೆಳಿಗ್ಗೆ ಆರಕ್ಕೆ ಹೋಗಿ. ಹಿರಿಯರು ಬೀದಿಯಲ್ಲಿ ನಡೆಯುತ್ತಿದ್ದಾರೆಯೇ ನೋಡಿ. ಅವರು ಕಂಡರೆ ಆ ಬೀದಿ ಹಿರಿಯರಿಗೆ ತಕ್ಕದ್ದು.

2. ಮಧ್ಯಾಹ್ನ ಹೋಗಿ ದೀಪ ಆರಿಸಿ ಕುಳಿತುಕೊಳ್ಳಿ. ಹಗಲಿನಲ್ಲಿ ಓದಲು ಬೆಳಕು ಸಾಲದಾದರೆ ಆ ಮನೆ ಬೇಡ.

3. ಸಂಜೆ ಏಳಕ್ಕೆ ಹೋಗಿ ಕಿಟಕಿ ತೆರೆದು ಹೊಗೆ ಮತ್ತು ಸೊಳ್ಳೆಯನ್ನು ಗಮನಿಸಿ.

4. ರಾತ್ರಿ ಹತ್ತರ ನಂತರ ಬೀದಿಯಲ್ಲಿ ಐದು ನಿಮಿಷ ನಿಂತು ಕಿವಿಗೊಡಿ. ನಾಯಿಗಳ ಹಾವಳಿಯೂ ಆಗ ತಿಳಿಯುತ್ತದೆ.

5. ಸ್ನಾನದ ಮನೆಯ ನೆಲ ಜಾರುತ್ತದೆಯೇ, ಗೋಡೆಗೆ ಹಿಡಿಕೆ ಹಾಕಲು ಮಾಲೀಕರು ಒಪ್ಪುವರೇ, ಹಿರಿಯರು ಬಳಸಬಲ್ಲ ಶೌಚಾಲಯವಿದೆಯೇ ವಿಚಾರಿಸಿ.

6. ಊರು ಬಿಡುವಾಗ ಹಳೆಯ ಔಷಧಚೀಟಿಗಳನ್ನೂ ಪರೀಕ್ಷಾ ವರದಿಗಳನ್ನೂ ಒಂದು ಕಡತದಲ್ಲಿ ಸೇರಿಸಿಟ್ಟುಕೊಳ್ಳಿ. ಹೊಸ ವೈದ್ಯರಿಗೆ ಅದೇ ನಿಮ್ಮ ಪರಿಚಯಪತ್ರ.

7. ಎಲ್ಲಕ್ಕೂ ಮಿಗಿಲಾಗಿ, ಆ ಮನೆಯಲ್ಲಿ ಹಗಲೆಲ್ಲ ಇರುವವರನ್ನು ಕರೆದೊಯ್ದು ತೋರಿಸಿ, ಅವರ ಅಭಿಪ್ರಾಯವನ್ನು ಕೇಳಿ.

ಆ ಶಿಕ್ಷಕರ ಕಥೆಯನ್ನು ಮುಗಿಸೋಣ. ಕರಾರಿನ ಅವಧಿ ಮುಗಿದಾಗ ಮಗನು ಬನಶಂಕರಿ ಎರಡನೆಯ ಹಂತದ ಅಡ್ಡರಸ್ತೆಯೊಂದರಲ್ಲಿ ನೆಲಮಹಡಿಯ ಮನೆಯನ್ನು ಹಿಡಿದನು. ಮೊದಲಿನದಕ್ಕಿಂತ ಒಂದು ಕೋಣೆ ಕಡಿಮೆ. ಮಗನಿಗೆ ಕಚೇರಿ ಇಪ್ಪತ್ತು ನಿಮಿಷ ದೂರವಾಯಿತು. ಉದ್ಯಾನ ಮಾತ್ರ ಬೀದಿಯ ಕೊನೆಯಲ್ಲಿಯೇ ಇತ್ತು. ಮೊದಲ ವಾರ ಒಬ್ಬರೇ ಸುತ್ತು ಹಾಕಿದರು. ತಿಂಗಳೊಳಗೆ ಧಾರವಾಡ ಕಡೆಯ ಒಬ್ಬರೂ ತುಮಕೂರಿನ ಇಬ್ಬರೂ ಜೊತೆಯಾದರು. ತಾಯಿಯವರು ಬಾಗಿಲ ಮೆಟ್ಟಿಲ ಮೇಲೆ ಕುಳಿತು ಸೊಪ್ಪು ಸೋಸುತ್ತ ಎದುರುಮನೆಯವರೊಡನೆ ಮಾತನಾಡತೊಡಗಿದರು. ಸಕ್ಕರೆ ಪೂರ್ತಿಯಾಗಿ ಮೊದಲಿನ ಮಟ್ಟಕ್ಕೆ ಬರಲಿಲ್ಲ, ಮಾತ್ರೆಗಳೂ ಮುಂದುವರಿದಿವೆ. ಆದರೆ ನಿದ್ರೆ ಮರಳಿತು, ಏರುತ್ತಿದ್ದ ತೂಕ ನಿಂತಿತು. ಕಳೆದ ಜಾತ್ರೆಗೆ ಬಂದಾಗ ಅವರು ನಮಗೆ ಹೇಳಿದ ಮಾತು ಇಷ್ಟೇ: ‘ಮೊದಲನೆಯದು ಮಗನ ಮನೆಯಾಗಿತ್ತು. ಇದು ನಮ್ಮ ಮನೆ.’

ಹಿರಿಯರನ್ನು ನಗರಕ್ಕೆ ಕರೆದೊಯ್ಯಲು ಸಿದ್ಧರಾಗಿರುವ ಮಕ್ಕಳು ಈ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು ಮನೆ ಹುಡುಕಲು ಹೊರಡಲಿ ಎಂಬುದು ನಮ್ಮ ಆಶಯ. ಶರಣು.